ಕರೆಯುವ ಹಸುಗಳಿಗೆ ತಗಲುವ ಸೆಖೆಯನ್ನು ಅಳೆಯುವ ಕ್ರಮ

ಕಲ್ಲಡ್ಕ, ಮಾಣಿ, ಪಾಣೆಮಂಗಳೂರು ಮೊದಲಾದ ಗ್ರಾಮಗಳಲ್ಲಿ ಪಗ್ಗು ತಿಂಗಳು ಬಂತೆಂದರೆ ಹಸುಗಳ ಹಾಲು ಇಳಿಯುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿಯಷ್ಟೆ. ಕೆಲವರು ಹಿಂಡಿ ಕೆಟ್ಟಿತೆನ್ನುವರು. ಕೆಲವರು ದೃಷ್ಟಿ ತಗಲಿತೆನ್ನುವರು. ಈ ಕಾಲದಲ್ಲಿ ಗಬ್ಬ ನಿಲ್ಲದ ಹಸುವನ್ನು ಬಂಜೆಯೆಂದು ತಿಳಿದು ಅಗ್ಗವಾಗಿ ಮಾರಿಬಿಡುವವರೂ ಉಂಟು. ಅನೇಕ ವೇಳೆ ಹಸುವಿನಲ್ಲಿ ದೋಷವಿಲ್ಲ, ಸೆಖೆಯೇ ಕಾರಣ. ಸೆಖೆಯ ದಿನ ಕಳೆದು ಒಂದೆರಡು ದಿವಸಗಳ ಮೇಲೆ ಹಾಲು ಇಳಿಯುವುದರಿಂದ, ನಿಜವಾದ ಕಾರಣವು ಯಜಮಾನನ ಗಮನಕ್ಕೆ ಬಾರದೆ ಹೋಗುತ್ತದೆ. ಆದುದರಿಂದ ಸೆಖೆಯನ್ನು ಅಳೆದು ತಿಳಿಯುವುದು ಅವಶ್ಯಕ.

೧. ಬಿಸಿಯೊಂದನ್ನೇ ಅಳೆದರೆ ಸಾಲದು

ಹಸುವು ತನ್ನ ಮೈಯ ಕಾವನ್ನು ಬೆವರಿನಿಂದಲೂ ಉಸಿರಿನಿಂದಲೂ ಹೊರಗೆ ಹಾಕುತ್ತದೆ. ಗಾಳಿಯಲ್ಲಿ ನೀರಿನ ಅಂಶವು ತುಂಬಿದ್ದರೆ ಬೆವರು ಆರುವುದಿಲ್ಲ. ಕಾವು ಒಳಗೇ ಉಳಿಯುತ್ತದೆ. ಹೆಚ್ಚು ಹಾಲು ಕೊಡುವ ಹಸುವು ಹೆಚ್ಚು ಮೇವನ್ನು ಅರಗಿಸಬೇಕಾಗಿರುವುದರಿಂದ ಅದರ ಒಡಲಲ್ಲಿ ಹುಟ್ಟುವ ಕಾವೂ ಹೆಚ್ಚು. ಜರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳು ನಮ್ಮ ಮಲೆನಾಡು ಗಿಡ್ಡಕ್ಕಿಂತ ಬೇಗನೆ ಬಳಲುವುದು ಇದರಿಂದಲೇ.

೨. ಅಳೆಯುವ ಕ್ರಮ

ಒಂದೇ ತೆರನಾದ ಎರಡು ಗಾಜಿನ ಉಷ್ಣಮಾಪಕಗಳನ್ನು ತಂದು, ಒಂದರ ಬುಡಕ್ಕೆ ತೆಳುವಾದ ಹತ್ತಿಬಟ್ಟೆಯನ್ನು ಸುತ್ತಿ ಶುದ್ಧವಾದ ನೀರಿನಿಂದ ನೆನೆಸತಕ್ಕದ್ದು. ಎರಡನ್ನೂ ಹಟ್ಟಿಯೊಳಗೆ ಹಸುವಿನ ಬೆನ್ನಿನ ಎತ್ತರದಲ್ಲಿ, ಬಿಸಿಲೂ ಗೋಡೆಯೂ ತಾಗದಂತೆ ತೂಗುಹಾಕಿ, ಮಧ್ಯಾಹ್ನ ೨ರಿಂದ ೩ ಘಂಟೆಯೊಳಗೆ ಹಾಳೆಯ ಬೀಸಣಿಗೆಯಿಂದ ಕೆಲವು ನಿಮಿಷ ಗಾಳಿ ಬೀಸತಕ್ಕದ್ದು. ಒದ್ದೆ ಮಾಪಕದ ಅಂಕವು ಇಳಿದು ನಿಂತ ಬಳಿಕ ಎರಡನ್ನೂ ಸೆಂಟಿಗ್ರೇಡಿನಲ್ಲಿ ಓದಿ, ಕೂಡಿಸಿ, ೦.೭೨ರಿಂದ ಗುಣಿಸಿ, ಬಂದುದಕ್ಕೆ ೪೦.೬ನ್ನು ಸೇರಿಸತಕ್ಕದ್ದು. ಇದೇ ಸೆಖೆಯ ಸೂಚ್ಯಂಕ. ೧೯೫೯ರಲ್ಲಿ ಅಮೆರಿಕದ ಥಾಮ್ ಎಂಬ ಹವಾಮಾನ ತಜ್ಞರು ಮನುಷ್ಯರ ಸಲುವಾಗಿ ಪ್ರಕಟಿಸಿದ ಲೆಕ್ಕವನ್ನೇ ಆಮೇಲೆ ದನಗಳಿಗೂ ಅನ್ವಯಿಸಲಾಯಿತು.

ಉದಾಹರಣೆ: ಕಲ್ಲಡ್ಕದ ಒಂದು ಹಟ್ಟಿಯಲ್ಲಿ ಒಣ ಮಾಪಕವು ೩೩, ಒದ್ದೆಯದು ೨೭ ಎಂದಿರಲಿ. ಮೊತ್ತ ೬೦, ಸೂಚ್ಯಂಕ ೮೩.೮. ರಾಯಚೂರಿನಲ್ಲಿ ಒಣದು ೩೮, ಒದ್ದೆಯದು ೨೧ ಎಂದಿರಲಿ. ಮೊತ್ತ ೫೯, ಸೂಚ್ಯಂಕ ಸುಮಾರು ೮೩. ಅಂದರೆ, ಐದು ಡಿಗ್ರಿ ಕಡಿಮೆ ಬಿಸಿಯಲ್ಲಿಯೂ ನಮ್ಮ ಹಸುವಿಗೆ ರಾಯಚೂರಿನಷ್ಟೇ ಸಂಕಟ. ರಾತ್ರಿಯಲ್ಲಿ ೨೬ ಮತ್ತು ೨೫ ಇದ್ದರೂ ಸೂಚ್ಯಂಕವು ೭೭ನ್ನು ದಾಟುವುದರಿಂದ, ಹಗಲಿನ ಕಾವನ್ನು ಕಳೆದುಕೊಳ್ಳಲು ಹಸುವಿಗೆ ಬಿಡುವೇ ದೊರೆಯದು.

೭೨ಕ್ಕಿಂತ ಕೆಳಗಿದ್ದರೆ ಸಾಧಾರಣವಾಗಿ ಕ್ಷೇಮ. ೭೨ರಿಂದ ೭೯ರವರೆಗೆ ಎಚ್ಚರಿಕೆ. ೮೦ನ್ನು ದಾಟಿದರೆ ಬಾಧೆ. ೯೦ನ್ನು ಮುಟ್ಟಿದರೆ ಅಪಾಯ. ಬಹಳ ಹಾಲು ಕೊಡುವ ಹಸುಗಳಿಗೆ ೬೮ರಿಂದಲೇ ತೊಂದರೆ ಮೊದಲಾಗುವುದೆಂದು ಈಚಿನ ಪರಿಶೋಧನೆಗಳಿಂದ ತಿಳಿದುಬಂದಿದೆ.

೩. ಹಸುವನ್ನೇ ನೋಡಿ ತಿಳಿಯುವುದು

ಸುಮ್ಮನೆ ನಿಂತ ಅಥವಾ ಮಲಗಿದ ಹಸುವಿನ ಪಕ್ಕೆಯ ಏರಿಳಿತವನ್ನು ಅರ್ಧ ನಿಮಿಷ ಎಣಿಸಿ ಇಮ್ಮಡಿಸಿರಿ. ನಿಮಿಷಕ್ಕೆ ೬೦ನ್ನು ಮೀರಿದರೆ ಸೆಖೆಯು ತಾಗಿದೆಯೆಂದು ತಿಳಿಯತಕ್ಕದ್ದು. ಬಾಯಿ ತೆರೆದು, ಜೊಲ್ಲು ಸುರಿಸಿ, ನಾಲಿಗೆ ಚಾಚಿದರೆ ತಡಮಾಡಲಾಗದು. ಗುದದ್ವಾರದಲ್ಲಿ ಅಳೆದ ಮೈಕಾವು ಸಾಧಾರಣವಾಗಿ ೩೮.೫ ಡಿಗ್ರಿಯ ಆಸುಪಾಸಿನಲ್ಲಿರುವುದು, ೩೯.೨ನ್ನು ದಾಟಿದರೆ ಹಸುವು ಸೋಲುತ್ತಿದೆ. ಹಟ್ಟಿಯ ದನಗಳೆಲ್ಲವೂ ಮಧ್ಯಾಹ್ನದಲ್ಲಿ ಏದುತ್ತಿದ್ದರೆ ಅದು ಸೆಖೆ. ತಂಪಾದ ಮುಂಜಾನೆಯಲ್ಲಿ ಒಂದೇ ಹಸು ಏದುತ್ತಿದ್ದರೆ ಅದು ರೋಗವಾಗಿರಬಹುದು, ಪಶುವೈದ್ಯರನ್ನು ಕರೆಯಿಸತಕ್ಕದ್ದು.

೪. ಪರಿಹಾರ

ಕುಡಿಯುವ ನೀರು ಹಗಲಿರುಳೂ ಮುಂದಿರಬೇಕು. ಮೇವನ್ನು ಮುಂಜಾನೆಯೂ ರಾತ್ರಿಯೂ ಹೆಚ್ಚಾಗಿ ಹಾಕತಕ್ಕದ್ದು. ತಗಡಿನ ಮಾಡಿನ ಮೇಲೆ ಅಡಕೆಯ ಸೋಗೆಯನ್ನು ಹೊದಿಸಿರಿ. ಸೊಪ್ಪು ಹಾಸಿದ ಹಟ್ಟಿಯಲ್ಲಿ ಗೊಬ್ಬರವು ಕೊಳೆಯುತ್ತ ಕಾವನ್ನೂ ಹಬೆಯನ್ನೂ ಹುಟ್ಟಿಸುವುದರಿಂದ, ಬೇಸಗೆಗೆ ಮುಂಚೆಯೇ ಅದನ್ನು ತೋಟಕ್ಕೆ ಸಾಗಿಸತಕ್ಕದ್ದು. ಮೈಮೇಲೆ ನೀರು ಹೊಯ್ದರೆ ಸಾಲದು, ಗಾಳಿಯೂ ಬೀಸಬೇಕು. ಗಾಳಿಯಾಡದ ಹಟ್ಟಿಯಲ್ಲಿ ನೀರು ಚೆಲ್ಲಿದರೆ ತೇವವು ಹೆಚ್ಚಿ ಸೆಖೆಯು ಇಮ್ಮಡಿಸುವುದೇ ಹೊರತು ತಗ್ಗದು.

ಗ್ರಾಮದ ಮುಖಂಡರಲ್ಲಿ ಒಂದು ವಿಜ್ಞಾಪನೆ. ಪ್ರತಿಯೊಂದು ಹಾಲು ಸಹಕಾರ ಸಂಘದಲ್ಲಿಯೂ ಇಂತಹ ಒಂದು ಜೊತೆ ಮಾಪಕಗಳನ್ನು ನೆರಳಿನಲ್ಲಿರಿಸಿ, ಬೇಸಗೆಯಲ್ಲಿ ದಿನದ ಸೂಚ್ಯಂಕವನ್ನು ಹಲಗೆಯ ಮೇಲೆ ಬರೆಯಿಸಬೇಕು. ಸೂಚ್ಯಂಕ, ಉಸಿರು, ಹಾಲು ಇವು ಮೂರನ್ನೂ ಯಜಮಾನರು ಒಂದು ತಿಂಗಳು ಬರೆದಿಟ್ಟುಕೊಂಡಲ್ಲಿ, ಹಾಲು ಇಳಿದುದು ಹಿಂಡಿಯಿಂದಲೋ ಸೆಖೆಯಿಂದಲೋ ಎಂಬುದು ಅವರಿಗೇ ಗೊತ್ತಾಗುವುದು. ಮಳೆ ಬಿದ್ದ ಬಳಿಕ ಗಬ್ಬ ಕಟ್ಟಬಹುದಾದ ಒಳ್ಳೆಯ ಹಸುವೂ ಅವರ ಹಟ್ಟಿಯಲ್ಲಿಯೇ ಉಳಿಯುವುದು.