ಮುಕ್ತಿನಾಥದ ಹಳೇ ವಿಮಾನ: ಹತ್ತಬೇಕೆ, ಬೇಡವೆ?

ಲೊಕ್ಕನಹಳ್ಳಿಯಿಂದ ನೇಪಾಳದ ಮುಕ್ತಿನಾಥಕ್ಕೆ ಹೋಗುವ ದಾರಿ ಉದ್ದವಾದರೂ ಗೊಂದಲದ್ದಲ್ಲ. ಕೊಳ್ಳೇಗಾಲಕ್ಕೆ ಬಸ್ಸು, ಅಲ್ಲಿಂದ ಬೆಂಗಳೂರು, ಯಶವಂತಪುರದಲ್ಲಿ ಗೋರಖ್‌ಪುರದ ರೈಲು, ಸೋನೌಲಿಯಲ್ಲಿ ಗಡಿ ದಾಟಿದರೆ ಮತ್ತೆ ಬಸ್ಸಿನಲ್ಲಿ ಪೋಖರಾ. ಗೊಂದಲ ಶುರುವಾಗುವುದು ಅಲ್ಲಿ. ಮುಕ್ತಿನಾಥದ ಕೆಳಗಿರುವ ಜೋಮ್ಸೋಮ್ ಊರಿಗೆ ಜೀಪಿನಲ್ಲಿ ಹೊರಟರೆ ಇಡೀ ದಿನ ಹಿಡಿಯುತ್ತದೆ. ವಿಮಾನ ಹತ್ತಿದರೆ ಸುಮಾರು ಇಪ್ಪತ್ತು ನಿಮಿಷ. ಆದರೆ ಆ ವಿಮಾನ ದೇವನಹಳ್ಳಿಯಲ್ಲೋ ಮೈಸೂರಿನ ಮಂಡಕಳ್ಳಿಯಲ್ಲೋ ಕಾಣುವಂಥದ್ದಲ್ಲ. ಹತ್ತೊಂಬತ್ತು ಸೀಟಿನ ಟ್ವಿನ್ ಆಟರ್, ಎಷ್ಟೋ ಸಲ ಅದರಲ್ಲಿ ಕೂರುವವರಿಗಿಂತ ಅದಕ್ಕೇ ವಯಸ್ಸು ಹೆಚ್ಚು. ಅದನ್ನು ಹಾರಿಸುವ ಕಂಪನಿಯ ಹೆಸರನ್ನು ನಮ್ಮ ಕಡೆ ಕೇಳಿದವರು ಕಡಿಮೆ. ಹತ್ತುವುದೋ ಬಿಡುವುದೋ ಎಂದು ಮನೆಯವರೆಲ್ಲ ಕೂತು ಚರ್ಚೆ ಮಾಡುವಾಗ ಮೊದಲು ಬರುವ ಪ್ರಶ್ನೆ ಒಂದೇ: ವಿಮಾನ ಎಷ್ಟು ಹಳೆಯದು? ಕೇಳಬೇಕಾದ ಪ್ರಶ್ನೆಗಳಲ್ಲಿ ಇದಕ್ಕೆ ಕೊನೆಯ ಜಾಗ ಎಂಬುದು ನನ್ನ ವಾದ.

ಇದು ಯಾರೋ ನಾಲ್ಕು ಜನರ ಚಿಂತೆ ಎಂದು ತಳ್ಳಿಹಾಕುವಂತಿಲ್ಲ. ಮುಕ್ತಿನಾಥ ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಒಂದು. ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮ ಬರುವುದು ಅದೇ ಕಣಿವೆಯಲ್ಲಿ ಹರಿಯುವ ಗಂಡಕಿಯಿಂದ. ಲೊಕ್ಕನಹಳ್ಳಿಗೆ ಹತ್ತಿರದ ಒಡೆಯರಪಾಳ್ಯದಲ್ಲಿ ಐವತ್ತು ವರ್ಷಗಳಿಂದ ನೆಲೆಸಿರುವ ಟಿಬೆಟನ್ನರಿಗೂ ಅದು ಪವಿತ್ರ ಸ್ಥಳವೇ. ಇನ್ನು ಕೈಲಾಸ ಮಾನಸ ಸರೋವರಕ್ಕೆ ನೇಪಾಳದ ಮೂಲಕ ಹೊರಟವರಲ್ಲಿ ಸಿಮಿಕೋಟ್ ದಾರಿ ಹಿಡಿಯುವವರು ನೇಪಾಳ್‌ಗಂಜ್‌ನಿಂದ ಅಲ್ಲಿಗೆ ಇಂಥದೇ ಪುಟ್ಟ ವಿಮಾನ ಏರಬೇಕು. ಮಾನಸ ಸರೋವರಕ್ಕೆ ಹೋಗಿಬಂದವರಿಗೆ ಕರ್ನಾಟಕ ಸರ್ಕಾರ ಮುಜರಾಯಿ ಇಲಾಖೆಯಿಂದ 30,000 ರೂಪಾಯಿ ಸಹಾಯಧನ ಕೊಡುತ್ತ ಬಂದಿದೆ. ಹಾಗಾಗಿ ಈ ಪ್ರಶ್ನೆ ಕನ್ನಡದ ಮನೆಗಳ ಪ್ರಶ್ನೆಯೂ ಹೌದು.

ಮೊದಲು ವಿಮಾನವನ್ನೇ ನೋಡೋಣ. ಕೆನಡಾದ ಡಿ ಹ್ಯಾವಿಲೆಂಡ್ ಕಂಪನಿಯ ಟ್ವಿನ್ ಆಟರ್ ಮೊದಲು ಹಾರಿದ್ದು 1965ರಲ್ಲಿ. 1988ರವರೆಗೆ 844 ವಿಮಾನಗಳು ತಯಾರಾದವು, ಆಮೇಲೆ ತಯಾರಿಕೆ ನಿಂತಿತು. ಬೇಡಿಕೆ ಮಾತ್ರ ನಿಲ್ಲಲಿಲ್ಲ. ಕೊನೆಗೆ ವೈಕಿಂಗ್ ಎಂಬ ಕಂಪನಿ ಅದೇ ವಿನ್ಯಾಸವನ್ನು ಹೊಸ ಉಪಕರಣಗಳೊಂದಿಗೆ ಮತ್ತೆ ತಯಾರಿಸಿ 2010ರಿಂದ ಮಾರತೊಡಗಿತು. ಗುಡ್ಡದ ನಡುವಿನ ತುಂಡು ರನ್‌ವೇಯಲ್ಲಿ ಇಳಿದು ಏರಬಲ್ಲ ಇಂಥ ಇನ್ನೊಂದು ವಿಮಾನ ಸುಲಭಕ್ಕೆ ಸಿಗದಿರುವುದೇ ಇದಕ್ಕೆ ಕಾರಣ. ರೆಕ್ಕೆ ಬೆನ್ನ ಮೇಲಿದೆ, ಎರಡು ಪ್ರೊಪೆಲ್ಲರ್ ಎಂಜಿನ್ನುಗಳಿವೆ, ಚಕ್ರಗಳು ಹಾರುವಾಗಲೂ ಒಳಗೆ ಮಡಚಿಕೊಳ್ಳದೆ ಕೆಳಗೇ ಇರುತ್ತವೆ. ಒಳಗೆ ಕೂತವರಿಗೆ ಪೈಲಟ್‌ಗಳ ಬೆನ್ನು ಕಾಣುತ್ತದೆ. ಎಂಜಿನ್ನಿನ ವೇಗ ಹೆಚ್ಚು ಕಡಿಮೆ ಮಾಡುವ ಹಿಡಿಕೆಗಳು ಚಾವಣಿಯಿಂದ ಇಳಿಬಿದ್ದಿರುವುದರಿಂದ ಇಬ್ಬರಲ್ಲಿ ಒಬ್ಬರು ಕೈ ಮೇಲೆತ್ತಿ ಅವನ್ನು ಹಿಡಿದಿರುವುದೂ ಕಾಣುತ್ತದೆ. ನಮ್ಮ ದೇಶದಲ್ಲಿ ಇದು ಸುದ್ದಿಯಾದದ್ದು 2020ರ ಅಕ್ಟೋಬರ್ 31ರಂದು, ಗುಜರಾತಿನ ಕೇವಡಿಯಾದಿಂದ ಸಾಬರಮತಿಗೆ ಪ್ರಧಾನಿಯವರು ಹಾರಿದ ನೀರಿನ ಮೇಲಿಳಿಯುವ ವಿಮಾನ ಟ್ವಿನ್ ಆಟರ್ ಆಗಿದ್ದಾಗ. ಅದಕ್ಕೂ ಹತ್ತಿರ ಹತ್ತಿರ ಐವತ್ತು ವರ್ಷವಾಗಿತ್ತು.

ಈಗ ಪುರಾವೆಗೆ ಬರೋಣ. ಪೋಖರಾ–ಜೋಮ್ಸೋಮ್ ದಾರಿಯಲ್ಲೇ, ತಾರಾ ಏರ್ ಎಂಬ ಒಂದೇ ಕಂಪನಿಯ ಎರಡು ಟ್ವಿನ್ ಆಟರ್‌ಗಳು ಆರು ವರ್ಷಗಳ ಅಂತರದಲ್ಲಿ ಬೆಟ್ಟಕ್ಕೆ ಬಡಿದವು. 2022ರ ಮೇ 29ರಂದು ಬಿದ್ದದ್ದು 1979ರಲ್ಲಿ ತಯಾರಾದ ವಿಮಾನ. 22 ಜನರಲ್ಲಿ ಯಾರೂ ಉಳಿಯಲಿಲ್ಲ, ಸತ್ತವರಲ್ಲಿ ನಾಲ್ವರು ಭಾರತೀಯರು. 43 ವರ್ಷದ ವಿಮಾನ ಎಂದು ಪತ್ರಿಕೆಗಳು ಬರೆದವು, ಓದಿದವರು ತಲೆದೂಗಿದರು. ಆದರೆ 2016ರ ಫೆಬ್ರವರಿ 24ರಂದು ಅದೇ ದಾರಿಯಲ್ಲಿ 23 ಜನರೊಂದಿಗೆ ಬಿದ್ದ ವಿಮಾನ ಕಾರ್ಖಾನೆಯಿಂದ ಬಂದು ವರ್ಷವೂ ತುಂಬದ ಹೊಸದು, ವೈಕಿಂಗ್ ತಯಾರಿಸಿದ ಹೊಸ ಮಾದರಿ. ಎರಡರ ತನಿಖೆಯೂ ಹತ್ತಿರ ಹತ್ತಿರ ಒಂದೇ ಕಥೆ ಹೇಳುತ್ತದೆ. ಕಣ್ಣಿಗೆ ಕಾಣುವ ಹವೆಯಲ್ಲಿ ಮಾತ್ರ ಹಾರಬೇಕಾದ ವಿಮಾನ ಮೋಡದೊಳಗೆ ಹೊಕ್ಕಿತು, ದಾರಿ ತಪ್ಪಿತು, ಮೋಡದ ಹಿಂದೆ ಬೆಟ್ಟವಿತ್ತು. ಮುಂದೆ ನೆಲವಿದೆ ಎಂದು ಕೂಗಿ ಎಚ್ಚರಿಸುವ ಯಂತ್ರ ಎರಡರಲ್ಲೂ ಇತ್ತು. ಹೊಸ ವಿಮಾನದಲ್ಲಿ ಅದು ಕೂಗಿದರೂ ಪೈಲಟ್ ಮುಂದುವರಿದರು. ಹಳೆಯದರಲ್ಲಿ ಅದನ್ನು ನಿಷ್ಕ್ರಿಯಗೊಳಿಸಲಾಗಿತ್ತು. ವಯಸ್ಸೇ ಕಾರಣವಾಗಿದ್ದರೆ ಈ ಎರಡು ವಿಮಾನಗಳ ಗತಿ ಬೇರೆ ಬೇರೆ ಆಗಬೇಕಿತ್ತು.

ನೇಪಾಳವೇಕೆ, ಕರ್ನಾಟಕದ ಎರಡು ದೊಡ್ಡ ವಿಮಾನ ದುರಂತಗಳೂ ಹೇಳುವುದು ಇದನ್ನೇ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇಗೆ ಮೊದಲೇ ಗಾಲ್ಫ್ ಮೈದಾನದ ಬಳಿ ನೆಲಕ್ಕೆ ಬಡಿದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320, ಅದರ ಹಿಂದಿನ ಡಿಸೆಂಬರ್‌ನಲ್ಲಿ ಬಂದದ್ದು. ಆ ಕಾಲಕ್ಕೆ ಅದಕ್ಕಿಂತ ಆಧುನಿಕ ಪ್ರಯಾಣಿಕ ವಿಮಾನ ಇರಲಿಲ್ಲ. 146 ಜನರಲ್ಲಿ 92 ಮಂದಿ ಸತ್ತರು. ವೇಗ ಕುಸಿಯುತ್ತಿದ್ದುದನ್ನು ಪೈಲಟ್‌ಗಳು ಹೊತ್ತಿಗೆ ಸರಿಯಾಗಿ ಗಮನಿಸಲಿಲ್ಲ ಎಂದು ತನಿಖೆ ಕಂಡುಕೊಂಡಿತು. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಜನರನ್ನು ಬಲಿ ತೆಗೆದುಕೊಂಡ ಬೋಯಿಂಗ್‌ಗೆ ಎರಡೂವರೆ ವರ್ಷವೂ ಆಗಿರಲಿಲ್ಲ. ಇಳಿಯುವುದು ಬೇಡ, ಮತ್ತೆ ಮೇಲೇರಿ ಸುತ್ತು ಹಾಕೋಣ ಎಂದು ಸಹ ಪೈಲಟ್ ಮೂರು ಸಲ ಹೇಳಿದ್ದರೂ ಕ್ಯಾಪ್ಟನ್ ಇಳಿಸಲು ಹೊರಟರು. ಪೋಖರಾದಲ್ಲೇ 2023ರ ಜನವರಿ 15ರಂದು 72 ಜನರನ್ನು ಕೊಂದ ಯೇತಿ ಏರ್‌ಲೈನ್ಸ್‌ನ ಎಟಿಆರ್ ವಿಮಾನ, ಒಂದು ಕಾಲಕ್ಕೆ ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ ಕಂಪನಿಯದ್ದಾಗಿತ್ತು. ಅದರ ಎಂಜಿನ್ನುಗಳು ಕೆಟ್ಟಿರಲಿಲ್ಲ. ಇಳಿಯುವ ಹೊತ್ತಿನಲ್ಲಿ ರೆಕ್ಕೆಯ ಫ್ಲ್ಯಾಪ್ ಇಳಿಸುವ ಹಿಡಿಕೆಯ ಬದಲು ಅದರ ಪಕ್ಕದ ಹಿಡಿಕೆಗಳನ್ನು ಎಳೆದದ್ದರಿಂದ ಪ್ರೊಪೆಲ್ಲರ್‌ಗಳು ಗಾಳಿಯನ್ನು ತಳ್ಳುವುದನ್ನೇ ಬಿಟ್ಟವು.

ಹಾಗಾದರೆ ವಯಸ್ಸು ಲೆಕ್ಕಕ್ಕೇ ಇಲ್ಲವೇ ಎಂದು ಕೇಳಬಹುದು. ಇದೆ, ನಾವು ಎಣಿಸುವ ರೀತಿಯಲ್ಲಲ್ಲ. 1988ರಲ್ಲಿ ಹವಾಯಿಯ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ ಒಂದರ ಚಾವಣಿ ಆಕಾಶದಲ್ಲೇ ಕಿತ್ತುಹೋಗಿ ಗಗನಸಖಿಯೊಬ್ಬರು ಸತ್ತರು. ಅದಕ್ಕೆ 19 ವರ್ಷವಾಗಿತ್ತು. ಆದರೆ ಅದನ್ನು ಮುರಿದದ್ದು 19 ವರ್ಷವಲ್ಲ, 89 ಸಾವಿರಕ್ಕೂ ಹೆಚ್ಚು ಸಲ ಏರಿ ಇಳಿದದ್ದು. ಎತ್ತರದಲ್ಲಿ ಹಾರುವ ದೊಡ್ಡ ವಿಮಾನದ ಒಳಗೆ ಗಾಳಿ ತುಂಬಿ ಒತ್ತಡ ಕಾಯುತ್ತಾರೆ. ಪ್ರತಿ ಹಾರಾಟದಲ್ಲೂ ಅದರ ತಗಡು ಸ್ವಲ್ಪ ಹಿಗ್ಗಿ ಕುಗ್ಗುತ್ತದೆ. ಜೊತೆಗೆ ಸಮುದ್ರದ ಉಪ್ಪುಗಾಳಿ ಸೇರಿ ಆ ವಿಮಾನದ ತಗಡುಗಳ ಜೋಡಣೆ ಸಡಿಲವಾಗಿ ಬಿರುಕುಗಳು ಕೂಡಿಕೊಂಡಿದ್ದವು. ಹಳೆಯ ವಿಮಾನಗಳನ್ನು ಬಿಚ್ಚಿ ಪರೀಕ್ಷಿಸುವ ಬಿಗಿ ನಿಯಮಗಳು ಬಂದದ್ದು ಆ ಘಟನೆಯ ನಂತರ. ಟ್ವಿನ್ ಆಟರ್‌ನಲ್ಲಿ ಆ ಗಾಳಿ ತುಂಬುವ ಏರ್ಪಾಡೇ ಇಲ್ಲ, ಹಾಗಾಗಿ ಹಿಗ್ಗಿ ಕುಗ್ಗುವ ಆ ಕಾಟವೂ ಇಲ್ಲ. ಅದರ ರೆಕ್ಕೆಗೆ ಇಷ್ಟು ಹಾರಾಟ ಎಂದು ಮಿತಿ ಇದೆ. ಮುಗಿದರೆ ರೆಕ್ಕೆಯನ್ನೇ ಬದಲಿಸಬೇಕು. ಎಂಜಿನ್ನಿಗೂ ಹಾಗೆಯೇ ಗಂಟೆಗಳ ಲೆಕ್ಕ. ಹೀಗೆ ಬಿಡಿಭಾಗಗಳು ಬದಲಾಗುತ್ತ ಬಂದ ವಿಮಾನಕ್ಕೆ ಹುಟ್ಟಿದ ವರ್ಷವೊಂದನ್ನೇ ಹಿಡಿದು ಆಯಸ್ಸು ಕಟ್ಟಲಾಗದು. ಒಂದು ಮಾತನ್ನು ಮಾತ್ರ ಒಪ್ಪಲೇಬೇಕು: ಈ ಲೆಕ್ಕ ನಿಲ್ಲುವುದು ಅದನ್ನು ಪ್ರಾಮಾಣಿಕವಾಗಿ ಬರೆದಿಡುವವರು, ಬರೆದದ್ದನ್ನು ಹಿಡಿದು ಕೇಳುವವರು ಇದ್ದಾಗ. ಹಳೆಯ ವಿಮಾನ ಕೆಟ್ಟ ಕೈಗೆ ಸಿಕ್ಕರೆ ಹೊಸದಕ್ಕಿಂತ ಬೇಗ ಅಪಾಯ ತರುತ್ತದೆ.

ನೇಪಾಳದ ನಿಜವಾದ ದೌರ್ಬಲ್ಯ ಈ ಹಿಡಿದು ಕೇಳುವ ಕಡೆ ಇದೆ. 2013ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟ ನೇಪಾಳದ ಎಲ್ಲ ವಿಮಾನ ಕಂಪನಿಗಳನ್ನೂ ತನ್ನ ಆಕಾಶದಿಂದ ನಿಷೇಧಿಸಿತು. ಹಳೆಯ ವಿಮಾನ ಇಟ್ಟುಕೊಂಡ ಕಂಪನಿಯನ್ನು ಮಾತ್ರ ಆರಿಸಲಿಲ್ಲ, ಆಮೇಲೆ ಹೊಚ್ಚ ಹೊಸ ಏರ್‌ಬಸ್ ಕೊಂಡ ಕಂಪನಿಗೂ ವಿನಾಯಿತಿ ಕೊಡಲಿಲ್ಲ. ತಕರಾರು ಮೇಲ್ವಿಚಾರಣೆಯ ಬಗ್ಗೆ. ಅಲ್ಲಿನ ನಾಗರಿಕ ವಿಮಾನಯಾನ ಪ್ರಾಧಿಕಾರ ನಿಲ್ದಾಣಗಳನ್ನು ನಡೆಸಿ ಶುಲ್ಕವನ್ನೂ ಪಡೆಯುತ್ತದೆ, ಸುರಕ್ಷತೆಯ ಕಾವಲನ್ನೂ ತಾನೇ ಮಾಡುತ್ತದೆ. ನಮ್ಮಲ್ಲಿ ನಿಲ್ದಾಣಗಳ ಪ್ರಾಧಿಕಾರ ಬೇರೆ, ಸುರಕ್ಷತೆ ಕಾಯುವ ಡಿಜಿಸಿಎ ಬೇರೆ. ಇದನ್ನು ಕೇಳಿದವರು ಹಾಗಾದರೆ ವಿಮಾನದ ಸಹವಾಸವೇ ಬೇಡ, ರಸ್ತೆಯಲ್ಲೇ ಹೋಗೋಣ ಎನ್ನುವುದು ಸಹಜ. ಆದರೆ ಆ ರಸ್ತೆಗಳೂ ಕರುಣೆಯವಲ್ಲ. 2024ರ ಆಗಸ್ಟ್‌ನಲ್ಲಿ ಪೋಖರಾದಿಂದ ಕಾಠ್ಮಂಡುವಿಗೆ ಹೊರಟ ಮಹಾರಾಷ್ಟ್ರದ ಯಾತ್ರಿಗಳ ಬಸ್ಸು ಮರ್ಸ್ಯಾಂಗ್ದಿ ನದಿಯ ಕಡೆಗೆ ಉರುಳಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು; ಅದಕ್ಕೂ ಮುಂಚಿನ ತಿಂಗಳು ಭೂಕುಸಿತವೊಂದು ಎರಡು ಬಸ್ಸುಗಳನ್ನು ತ್ರಿಶೂಲಿ ನದಿಗೆ ತಳ್ಳಿತ್ತು. ಮಳೆಗಾಲದಲ್ಲಿ ಜೋಮ್ಸೋಮ್ ರಸ್ತೆಯಲ್ಲೂ ಬೆಟ್ಟ ಜಾರುತ್ತದೆ. ಹಾಗಾಗಿ ವಿಮಾನ ಬಿಟ್ಟು ಜೀಪು ಹಿಡಿದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ.

ಮಲೆ ಮಹದೇಶ್ವರ ಬೆಟ್ಟದ ಬಸ್ಸು ಹತ್ತುವವರು ತಾಳಬೆಟ್ಟದಲ್ಲಿ ಬಸ್ಸಿನ ಬಣ್ಣ ನೋಡುವುದಿಲ್ಲ, 27 ತಿರುವುಗಳಲ್ಲಿ ಡ್ರೈವರ್ ಅವಸರ ಮಾಡುತ್ತಾನೋ ಇಲ್ಲವೋ ಎಂದು ನೋಡುತ್ತಾರೆ. ಜೋಮ್ಸೋಮ್ ವಿಮಾನದ ವಿಷಯದಲ್ಲೂ ಅವಸರವೇ ಮುಖ್ಯ. ಆ ನಿಲ್ದಾಣ ಸುಮಾರು 2,700 ಮೀಟರ್ ಎತ್ತರದಲ್ಲಿದೆ, ನಮ್ಮ ಬಿಳಿಗಿರಿರಂಗನ ದೇಗುಲಕ್ಕಿಂತ ಸಾವಿರ ಮೀಟರ್‌ಗೂ ಮೇಲೆ. ದಾರಿ ಧವಳಗಿರಿ ಮತ್ತು ಅನ್ನಪೂರ್ಣ ಎಂಬ ಎರಡು ಎಂಟು ಸಾವಿರ ಮೀಟರ್ ಶಿಖರಗಳ ನಡುವಿನ ಕಾಲಿ ಗಂಡಕಿಯ ಕಮರಿಯಲ್ಲಿ ಹಾಯುತ್ತದೆ. ಬೆಳಗಿನ ಬಿಸಿಲಿಗೆ ಮೇಲಿನ ಬಯಲು ಕಾದಂತೆ ಕೆಳಗಿನಿಂದ ಗಾಳಿ ಕಮರಿಯೊಳಗೆ ನುಗ್ಗತೊಡಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಇಳಿಯಲು ಬಿಡದಷ್ಟು ಜೋರಾಗುತ್ತದೆ. ಅದಕ್ಕೇ ವಿಮಾನಗಳೆಲ್ಲ ಬೆಳಿಗ್ಗೆಯೇ ಹಾರಿ ಮುಗಿಸುತ್ತವೆ. ಬೆಳಿಗ್ಗೆ ಮೋಡ ಕವಿದಿದ್ದರೆ ಅದು ಚದುರಲು ಕಾಯಬೇಕು, ಕಾಯುತ್ತಿದ್ದಂತೆ ಗಾಳಿಯ ಹೊತ್ತು ಹತ್ತಿರವಾಗುತ್ತದೆ. 2022ರ ಆ ವಿಮಾನವೂ ಜೋಮ್ಸೋಮ್‌ನ ಹವೆಗಾಗಿ ಕಾದು ತಡವಾಗಿಯೇ ಹೊರಟಿತ್ತು. ಈ ಕಿರಿದಾದ ಹೊತ್ತಿನಲ್ಲಿ, ನಾಳೆ ಗೋರಖ್‌ಪುರದಲ್ಲಿ ರೈಲು ಇದೆ, ಇವತ್ತು ಹೇಗಾದರೂ ಹಾರಿಸಿ ಎಂದು ಕೌಂಟರಿನ ಮುಂದೆ ಗದ್ದಲ ಮಾಡುವ ಯಾತ್ರಿಗಳ ಗುಂಪೂ ಒಂದು ಒತ್ತಡವೇ. ಇವತ್ತು ಹಾರುವುದಿಲ್ಲ ಎನ್ನುವ ಪೈಲಟ್‌ಗೆ ಬೆಂಬಲವಾಗಿ ಪ್ರಯಾಣಿಕರು ಮಾಡಬಹುದಾದದ್ದು, ಕಾಯಲು ದಿನ ಇಟ್ಟುಕೊಂಡು ಬರುವುದು.

ಆದ್ದರಿಂದ ಹತ್ತಬೇಕೆ ಬೇಡವೆ ಎಂಬುದಕ್ಕೆ ನನ್ನ ಉತ್ತರ ಹೀಗಿದೆ: ಕೈಯಲ್ಲಿ ಎರಡು ದಿನ ಬಿಡುವಿದ್ದು, ಹಾರಾಟ ರದ್ದಾದರೆ ಬೇಸರವಿಲ್ಲದೆ ರೂಮಿಗೆ ಮರಳಲು ಸಿದ್ಧರಿದ್ದರೆ ಹತ್ತಬಹುದು. ಅದಿಲ್ಲದಿದ್ದರೆ ವಿಮಾನ ಹೊಚ್ಚ ಹೊಸದಾಗಿದ್ದರೂ ಹತ್ತಬಾರದು. ಅಕ್ಟೋಬರ್–ನವೆಂಬರ್ ಇಲ್ಲವೇ ಮಾರ್ಚ್–ಏಪ್ರಿಲ್ ಆರಿಸಿ, ದಿನದ ಮೊದಲ ಹಾರಾಟದ ಟಿಕೆಟ್ ತೆಗೆದುಕೊಳ್ಳುವುದು ಒಳ್ಳೆಯದು. ಚೀಲದ ತೂಕವನ್ನು ಮುಚ್ಚಿಡಬಾರದು. ಎತ್ತರದ ತೆಳು ಗಾಳಿಯಲ್ಲಿ ರೆಕ್ಕೆಗೂ ಎಂಜಿನ್ನಿಗೂ ಬಲ ಕಡಿಮೆ, ಅದಕ್ಕೇ ಅಲ್ಲಿ ಸಾಮಾನನ್ನು ಅಷ್ಟು ಬಿಗಿಯಾಗಿ ತೂಗುವುದು. ತಿಂಡಿಯ ಡಬ್ಬ, ಗಂಡಕಿಯಲ್ಲಿ ಆರಿಸಿದ ಕಲ್ಲುಗಳು ಎಲ್ಲವೂ ಆ ಲೆಕ್ಕಕ್ಕೆ ಸೇರಬೇಕು.

ದೇವರ ದರ್ಶನಕ್ಕೆ ಹೊರಟವರು ಹೀಗೆಲ್ಲ ಎಣಿಸಬಾರದು, ಕರೆಸಿಕೊಳ್ಳುವವನು ಕಾಯುತ್ತಾನೆ ಎನ್ನುವ ಹಿರಿಯರಿದ್ದಾರೆ. ಆ ನಂಬಿಕೆಯನ್ನು ಗೌರವಿಸಿಯೇ ಹೇಳುತ್ತೇನೆ: ನಮ್ಮ ಯಾತ್ರಾ ಪರಂಪರೆಯಲ್ಲಿ ಕಾಯುವುದಕ್ಕೆ ಯಾವಾಗಲೂ ಜಾಗವಿತ್ತು. ಹೊಳೆ ತುಂಬಿದ್ದರೆ ಇಳಿಯುವವರೆಗೆ ದಡದ ಛತ್ರದಲ್ಲಿ ತಂಗುತ್ತಿದ್ದರು. ಕಾಯಲು ಪುರಸೊತ್ತಿಲ್ಲ ಎಂಬುದನ್ನು ತಂದದ್ದು ರಜೆಯ ಲೆಕ್ಕ ಮತ್ತು ಪ್ಯಾಕೇಜ್ ಟೂರು. 2018ರ ಜುಲೈನಲ್ಲಿ ಹವೆ ಕೆಟ್ಟು ಸಿಮಿಕೋಟ್ ಮತ್ತು ಅದರಾಚೆಯ ಗಡಿಯೂರು ಹಿಲ್ಸಾದಲ್ಲಿ ಸಿಕ್ಕಿಬಿದ್ದ ಸಾವಿರಕ್ಕೂ ಹೆಚ್ಚು ಭಾರತೀಯ ಯಾತ್ರಿಗಳಲ್ಲಿ ಸುಮಾರು 290 ಮಂದಿ ಕರ್ನಾಟಕದವರು. ಅವರ ಬವಣೆ ನಿಜ. ವಿಮಾನ ಹಾರಿಸದೆ ಅವರನ್ನು ಅಲ್ಲೇ ಉಳಿಸಿದ ನಿರ್ಧಾರವೂ ಸರಿಯಾದದ್ದೇ. ಅಲ್ಲಿ ಕೊರತೆಯಾದದ್ದು ಹಾಸಿಗೆ, ಔಷಧಿ, ಊಟ ಮತ್ತು ಮೊದಲೇ ಲೆಕ್ಕ ಹಾಕಿಟ್ಟ ದಿನಗಳು.

ಇದನ್ನು ಸರಿಪಡಿಸಲು ಕಾಠ್ಮಂಡುವಿನವರೆಗೆ ಹೋಗಬೇಕಿಲ್ಲ. ಮೈಸೂರು, ಬೆಂಗಳೂರಿನ ಟೂರ್ ಕಂಪನಿಗಳು ಹತ್ತು ದಿನದ ಯಾತ್ರೆಯನ್ನು ಹನ್ನೆರಡು ದಿನವೆಂದೇ ಅಚ್ಚುಹಾಕಿ, ಆ ಎರಡು ದಿನದ ಊಟ ವಸತಿಯ ಖರ್ಚನ್ನು ಮೊದಲೇ ಹಣದೊಳಗೆ ಸೇರಿಸಲಿ. ಹವೆ ಚೆನ್ನಾಗಿದ್ದು ದಿನ ಉಳಿದರೆ ಹಣ ಮರಳಿಸಲಿ. 30,000 ರೂಪಾಯಿ ಕೊಡುವ ಸರ್ಕಾರಕ್ಕೂ, ಮಳೆಗಾಲದಲ್ಲಿ ಸಿಮಿಕೋಟ್ ದಾಟುವ ಯಾತ್ರಿಗಳ ವೇಳಾಪಟ್ಟಿಯಲ್ಲಿ ಬಿಡುವಿನ ದಿನಗಳು ಇವೆಯೇ ಎಂದು ಅರ್ಜಿಯಲ್ಲೇ ಕೇಳುವ ಹಕ್ಕಿದೆ. ಟಿಕೆಟ್ ಕಾದಿರಿಸುವ ಮುನ್ನ ಏಜೆಂಟರಿಗೆ ಫೋನ್ ಮಾಡುವವರು ಕೇಳಬೇಕಾದದ್ದೂ ಅದನ್ನೇ: ಜೋಮ್ಸೋಮ್‌ನಲ್ಲಿ ಎರಡು ದಿನ ವಿಮಾನ ಬರದಿದ್ದರೆ ನಮ್ಮನ್ನು ಎಲ್ಲಿ ಉಳಿಸುತ್ತೀರಿ, ಗೋರಖ್‌ಪುರದ ರೈಲು ತಪ್ಪಿದರೆ ಮುಂದಿನ ಟಿಕೆಟ್ ಯಾರ ಖರ್ಚು?