ದೂರದಿಂದ ಬಂದ ಮೊಟ್ಟೆ ಮರಿಯಾಗಲಿಲ್ಲವೇಕೆ?

ಮಕ್ಕಳೇ, ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ ಕೋಳಿಯನ್ನು ನೀವು ನೋಡಿರಬಹುದು. ಅದು ಕಾವು ಕೂರುವುದು ಅಪರೂಪ. ಆದ್ದರಿಂದ ಅದರ ಮೊಟ್ಟೆಗಳನ್ನು ತಂದು ನಾಟಿ ಕೋಳಿಯ ಕೆಳಗೆ ಇಡುತ್ತಾರೆ. ಆದರೆ ದೂರದಿಂದ ಬಸ್ಸಿನಲ್ಲಿ ತಂದ ಹತ್ತು ಮೊಟ್ಟೆಗಳಲ್ಲಿ ಕೆಲವೊಮ್ಮೆ ನಾಲ್ಕೈದು ಮಾತ್ರ ಮರಿಯಾಗುತ್ತವೆ. ಕೊಟ್ಟ ಹಣ ನಷ್ಟ! ಮನೆಯವರು ಕೋಳಿಯನ್ನು ಬೈಯುತ್ತಾರೆ, ಇಲ್ಲವೇ ಮಾರಿದವರನ್ನು. ನಿಜವಾದ ಕಾರಣವೇನು?

ದಾರಿಯಲ್ಲಿ ಏನಾಗುತ್ತದೆ?

ಫಲಿತ ಮೊಟ್ಟೆಯ ಹಳದಿ ಲೋಳೆಯ ಮೇಲೆ ಒಂದು ಚಿಕ್ಕ ಬಿಳಿ ಚುಕ್ಕೆಯಿರುತ್ತದೆ. ಮರಿಯಾಗುವುದು ಅದೇ. ತಂಪಿನಲ್ಲಿ, ಅಂದರೆ ಸುಮಾರು 15ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅದು ಬೆಳೆಯದೆ ಸುಮ್ಮನಿರುತ್ತದೆ. ಬಿಸಿಲಿಗೆ ಕಾದ ಬಸ್ಸಿನಲ್ಲಿ ಅರೆಬರೆ ಬೆಳೆಯತೊಡಗಿ, ದುರ್ಬಲವಾಗಿ ಸಾಯಬಹುದು.

ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಕೋಶವಿದೆ. ಮರಿ ಮೊದಲ ಉಸಿರು ಎಳೆಯುವುದು ಇಲ್ಲಿಂದಲೇ. ಕುಲುಕಾಟಕ್ಕೆ ಒಳಪೊರೆ ಸಡಿಲಗೊಂಡರೆ ಗಾಳಿ ಅತ್ತಿತ್ತ ಸರಿಯುತ್ತದೆ. ಚಿಪ್ಪಿನಲ್ಲಿ ಸಣ್ಣ ಬಿರುಕು ಬಿದ್ದರೂ ಸಾಕು, ಒಳಗಿನ ತೇವ ಆರುತ್ತದೆ, ರೋಗಾಣು ನುಗ್ಗುತ್ತದೆ.

ಮೊಟ್ಟೆಯನ್ನೇ ಕೇಳೋಣ

ಕಾವಿಗಿಟ್ಟ 7ನೆಯ ದಿನ ರಾತ್ರಿ, ಕತ್ತಲೆಯಲ್ಲಿ ದಪ್ಪ ತುದಿಗೆ ಟಾರ್ಚ್ ಹಿಡಿದು ನೋಡಿ.

1. ಜೇಡರ ಬಲೆಯಂತೆ ರಕ್ತನಾಳಗಳು ಕಂಡರೆ ಮರಿ ಬೆಳೆಯುತ್ತಿದೆ.
2. ಕೆಂಪು ಉಂಗುರ ಮಾತ್ರ ಕಂಡರೆ ಬೆಳೆಯತೊಡಗಿ ಸತ್ತಿದೆ. ಅಂದರೆ ಮೊಟ್ಟೆ ಗೊಡ್ಡಾಗಿರಲಿಲ್ಲ. ದಾರಿಯ ಬಿಸಿ, ಕುಲುಕಾಟ ಅಥವಾ ಕಾವಿನ ಏರುಪೇರು ಕಾರಣವಿರಬಹುದು.
3. ಏನೂ ಕಾಣದಿದ್ದರೆ ಅದು ಗೊಡ್ಡು ಮೊಟ್ಟೆ, ಇಲ್ಲವೇ ಬಹಳ ಬೇಗ ಸತ್ತದ್ದು.

ಪುಕ್ಕ ಮೂಡಿದ ಮರಿ 21ನೆಯ ದಿನದ ಹೊತ್ತಿಗೆ ಚಿಪ್ಪಿನೊಳಗೇ ಸತ್ತಿದ್ದರೆ ಕೊನೆಯ ದಿನಗಳ ಕಾವು, ತೇವ ಸಾಲದೆ ಹೋಗಿರಬಹುದು. ಗಾಳಿಕೋಶ ಕೆಟ್ಟಿದ್ದರೂ ಹೀಗಾಗುತ್ತದೆ.

ಏನು ಮಾಡಬೇಕು?

ಇಟ್ಟು ಒಂದು ವಾರ ಮೀರದ ಮೊಟ್ಟೆಗಳನ್ನೇ ತನ್ನಿ. ದಪ್ಪ ತುದಿ ಮೇಲೆ ಮಾಡಿ ಭತ್ತದ ಹೊಟ್ಟಿನಲ್ಲಿ ಜೋಡಿಸಿ. ರಾತ್ರಿಯ ತಂಪಿನಲ್ಲಿ ಸಾಗಿಸಿ. ತಂದ ಕೂಡಲೇ ಕಾವಿಗಿಡಬೇಡಿ. ನೆರಳಿನಲ್ಲಿ 12ರಿಂದ 24 ಗಂಟೆ ಅಲುಗಿಸದೆ ಬಿಡಿ. ತೊಳೆಯಬೇಡಿ. ಚಿಪ್ಪಿನ ಮೇಲಿನ ರಕ್ಷಣಾ ಪದರ ಹೋಗುತ್ತದೆ.

ನೀವೇ ಮಾಡಿ ನೋಡಿ

ತಂದ ಐದು ಮೊಟ್ಟೆ, ಊರಿನದೇ ಐದು ಮೊಟ್ಟೆಗಳಿಗೆ ಪೆನ್ಸಿಲ್‌ನಿಂದ ಗುರುತು ಹಾಕಿ ಒಂದೇ ಕೋಳಿಯ ಕೆಳಗೆ ಇಡಿ. ಊರಿನವು ಮರಿಯಾಗಿ, ತಂದವು ಆಗದಿದ್ದರೆ ಕೋಳಿಯ ತಪ್ಪಿಲ್ಲ. ಎರಡೂ ಆಗದಿದ್ದರೆ? ಯೋಚಿಸಿ, ಲೆಕ್ಕ ಬರೆದಿಟ್ಟು ತರಗತಿಯಲ್ಲಿ ಚರ್ಚಿಸಿ. ಮೊಟ್ಟೆ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲು ಮರೆಯದಿರಿ.