ಭಾರತದಲ್ಲಿ ಎಚ್‌ಐವಿ ಮತ್ತು ಏಡ್ಸ್

ಎಚ್‌ಐವಿ ಎಂಬುದು ಮನುಷ್ಯನ ರೋಗನಿರೋಧಕ ಶಕ್ತಿಯನ್ನು ಕ್ರಮೇಣ ಕುಂದಿಸುವ ಒಂದು ವೈರಾಣು. ಈ ಸೋಂಕು ಚಿಕಿತ್ಸೆಯಿಲ್ಲದೆ ಮುಂದುವರಿದಾಗ ಉಂಟಾಗುವ ಕೊನೆಯ ಹಂತವನ್ನು ಏಡ್ಸ್ ಎನ್ನುತ್ತಾರೆ. ಎಚ್‌ಐವಿ ಸೋಂಕಿತರೆಲ್ಲರೂ ಏಡ್ಸ್ ರೋಗಿಗಳಲ್ಲ. ಭಾರತದಲ್ಲಿ ಈ ಸೋಂಕು 1986ರಲ್ಲಿ ಮೊದಲು ಪತ್ತೆಯಾಯಿತು. ಅಂದಿನಿಂದ ಇದು ವೈದ್ಯಕೀಯ ಕ್ಷೇತ್ರದ ಜೊತೆಗೆ ಕುಟುಂಬ, ಉದ್ಯೋಗ, ಕಾನೂನು ಮತ್ತು ಕಲೆಗಳ ಮೇಲೂ ಪ್ರಭಾವ ಬೀರಿದೆ.

ಸೋಂಕಿನ ಸ್ವರೂಪ

ಈ ವೈರಾಣು ರಕ್ತದಲ್ಲಿರುವ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ನಾಶಪಡಿಸುತ್ತದೆ. ಆರೋಗ್ಯವಂತರಲ್ಲಿ ಪ್ರತಿ ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 500ಕ್ಕಿಂತ ಹೆಚ್ಚಿರುವ ಈ ಕಣಗಳ ಸಂಖ್ಯೆ 200ಕ್ಕಿಂತ ಕೆಳಗಿಳಿದಾಗ ಅದನ್ನು ಏಡ್ಸ್ ಹಂತವೆಂದು ಪರಿಗಣಿಸಲಾಗುತ್ತದೆ. ಆಗ ಸಾಮಾನ್ಯ ದೇಹವು ಸುಲಭವಾಗಿ ಎದುರಿಸಬಲ್ಲ ರೋಗಗಳೂ ಮಾರಕವಾಗುತ್ತವೆ. ಭಾರತದಲ್ಲಿ ಇಂತಹ ಅವಕಾಶವಾದಿ ಸೋಂಕುಗಳ ಪೈಕಿ ಕ್ಷಯರೋಗವು ಮುಖ್ಯವಾದುದು.

ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಹಂಚಿಕೊಂಡ ಸೂಜಿ ಮತ್ತು ಸಿರಿಂಜುಗಳ ಮೂಲಕ ವೈರಾಣು ಹರಡುತ್ತದೆ. ಗರ್ಭಾವಸ್ಥೆ, ಹೆರಿಗೆ ಅಥವಾ ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೂ ಹರಡಬಹುದು. ಒಟ್ಟಿಗೆ ಊಟ ಮಾಡುವುದರಿಂದ, ಮುಟ್ಟುವುದರಿಂದ, ಕೆಮ್ಮಿನಿಂದ, ಸೊಳ್ಳೆ ಕಡಿತದಿಂದ ಅಥವಾ ಒಂದೇ ಶೌಚಾಲಯ ಬಳಸುವುದರಿಂದ ಇದು ಹರಡುವುದಿಲ್ಲ.

ಭಾರತದಲ್ಲಿ ಪತ್ತೆ

1981ರಲ್ಲಿ ಅಮೆರಿಕದಲ್ಲಿ ಈ ರೋಗದ ಮೊದಲ ವರದಿ ಪ್ರಕಟವಾಯಿತು. 1983ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ವಿಜ್ಞಾನಿಗಳು ವೈರಾಣುವನ್ನು ಬೇರ್ಪಡಿಸಿದರು. ಆಗ ಭಾರತದಲ್ಲಿ ಅನೇಕರು ಇದನ್ನು ಪರದೇಶದ ರೋಗವೆಂದೇ ಭಾವಿಸಿದ್ದರು. ಮದ್ರಾಸು ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ವಿಜ್ಞಾನದ ಪ್ರಾಧ್ಯಾಪಕಿ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರು ಲೈಂಗಿಕ ವೃತ್ತಿಯ ಮಹಿಳೆಯರಿಂದ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ವೆಲ್ಲೂರಿನಲ್ಲಿ ನಡೆದ ಪರೀಕ್ಷೆಯಲ್ಲಿ ಕೆಲವು ಮಾದರಿಗಳಲ್ಲಿ ಸೋಂಕು ಕಂಡುಬಂದಿತು. ಇದು ದೇಶದ ಮೊದಲ ದಾಖಲಿತ ಪತ್ತೆ. ಸುನೀತಿ ಅವರಿಗೆ 2017ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಪ್ರಶಸ್ತಿ ಸಂದಿತು.

1992ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯನ್ನು (ನ್ಯಾಕೋ) ಸ್ಥಾಪಿಸಿತು. 2006ರಲ್ಲಿ ದೇಶದಲ್ಲಿ ಸುಮಾರು 57 ಲಕ್ಷ ಸೋಂಕಿತರಿದ್ದಾರೆಂಬ ಅಂದಾಜು ಪ್ರಕಟವಾಗಿತ್ತು. ಮನೆಮನೆಯ ಸಮೀಕ್ಷೆಯನ್ನೂ ಆಧರಿಸಿ 2007ರಲ್ಲಿ ಅದನ್ನು ಸುಮಾರು 25 ಲಕ್ಷಕ್ಕೆ ಪರಿಷ್ಕರಿಸಲಾಯಿತು.

ಚಿಕಿತ್ಸೆ

ಎಚ್‌ಐವಿಯನ್ನು ದೇಹದಿಂದ ಸಂಪೂರ್ಣವಾಗಿ ತೊಲಗಿಸುವ ಔಷಧ ಸಾಮಾನ್ಯ ಬಳಕೆಗೆ ಬಂದಿಲ್ಲ. ಆದರೆ ಹಲವು ಔಷಧಗಳನ್ನು ಒಟ್ಟಾಗಿ ನೀಡುವ ಎ.ಆರ್.ಟಿ. ಚಿಕಿತ್ಸೆಯು ವೈರಾಣುವಿನ ವೃದ್ಧಿಯನ್ನು ತಡೆಯುತ್ತದೆ. 1990ರ ದಶಕದ ಉತ್ತರಾರ್ಧದಲ್ಲಿ ಈ ಔಷಧಗಳು ಬಂದಾಗ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ವೆಚ್ಚವಾಗುತ್ತಿತ್ತು. 2001ರಲ್ಲಿ ಭಾರತದ ಸಿಪ್ಲಾ ಕಂಪನಿಯು ಮೂರು ಔಷಧಗಳ ಸಂಯೋಜನೆಯನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ನೀಡಲು ಮುಂದೆ ಬಂದಿತು. ಇದು ಆಫ್ರಿಕಾ ಸೇರಿದಂತೆ ಬಡ ರಾಷ್ಟ್ರಗಳ ರೋಗಿಗಳಿಗೆ ಚಿಕಿತ್ಸೆಯ ದಾರಿಯನ್ನು ತೆರೆಯಿತು. 2004ರ ಏಪ್ರಿಲ್ 1ರಿಂದ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ಉಚಿತ ಎ.ಆರ್.ಟಿ. ಆರಂಭವಾಯಿತು. 2017ರಿಂದ ಸಿಡಿ4 ಸಂಖ್ಯೆ ಎಷ್ಟೇ ಇದ್ದರೂ ಸೋಂಕು ದೃಢಪಟ್ಟ ಕೂಡಲೇ ಚಿಕಿತ್ಸೆ ನೀಡುವ ನೀತಿ ಜಾರಿಗೆ ಬಂದಿತು.

ಔಷಧವನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪರೀಕ್ಷೆಗೆ ನಿಲುಕದಷ್ಟು ಕಡಿಮೆಯಾಗಿ ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. ಚಿಕಿತ್ಸೆಯಿಲ್ಲದಿದ್ದಲ್ಲಿ ಶೇ. 15ರಿಂದ 45ರಷ್ಟಿರುವ ತಾಯಿಯಿಂದ ಮಗುವಿಗೆ ಹರಡುವ ಸಾಧ್ಯತೆಯನ್ನು ಸಕಾಲಿಕ ಔಷಧದಿಂದ ಶೇ. 5ಕ್ಕಿಂತ ಕೆಳಗಿಳಿಸಬಹುದು.

ಸಾಮಾಜಿಕ ಪರಿಣಾಮ

ರೋಗಕ್ಕಿಂತ ಮೊದಲು ಅನೇಕರನ್ನು ಬಾಧಿಸಿದ್ದು ಕಳಂಕ. ಗೋವಾದ ಡೊಮಿನಿಕ್ ಡಿಸೋಜಾ ಅವರನ್ನು 1989ರಲ್ಲಿ ಸೋಂಕಿತರೆಂಬ ಒಂದೇ ಕಾರಣಕ್ಕೆ ಅಲ್ಲಿನ ಆರೋಗ್ಯ ಕಾನೂನಿನಡಿ ಬಂಧಿಸಿ, ಸುಮಾರು ಎರಡು ತಿಂಗಳು ಒಂಟಿಯಾಗಿ ಇರಿಸಲಾಯಿತು. ಅವರ ತಾಯಿ ಲೂಸಿ ಡಿಸೋಜಾ ಮುಂಬಯಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕರೂ ನ್ಯಾಯಾಲಯವು ಪ್ರತ್ಯೇಕವಾಗಿರಿಸುವ ಕಾನೂನನ್ನೇ ಎತ್ತಿಹಿಡಿಯಿತು. ಡೊಮಿನಿಕ್ 1992ರಲ್ಲಿ ನಿಧನರಾದರು. 1997ರಲ್ಲಿ ಅದೇ ನ್ಯಾಯಾಲಯವು ಮತ್ತೊಂದು ಪ್ರಕರಣದಲ್ಲಿ, ಕೆಲಸಕ್ಕೆ ಸಮರ್ಥನಾಗಿರುವ ವ್ಯಕ್ತಿಗೆ ಸೋಂಕಿನ ಕಾರಣದಿಂದ ಉದ್ಯೋಗ ನಿರಾಕರಿಸುವಂತಿಲ್ಲವೆಂದು ತೀರ್ಪಿತ್ತಿತು.

ಮಹಿಳೆಯರ ಮೇಲಿನ ಹೊರೆ ಇಮ್ಮಡಿಯಾಗಿದೆ. ಗಂಡನಿಂದಲೇ ಸೋಂಕು ಪಡೆದ ಅನೇಕ ಹೆಣ್ಣುಮಕ್ಕಳು ಅವನ ಆರೈಕೆ ಮಾಡಿ, ಅವನ ಮರಣದ ನಂತರ ದೂಷಣೆಗೆ ಗುರಿಯಾಗಿ ಮನೆಯನ್ನೂ ಆಸ್ತಿಯನ್ನೂ ಕಳೆದುಕೊಂಡಿದ್ದಾರೆ. ಅನಾಥರಾದ ಮಕ್ಕಳಿಗೆ ಶಾಲಾ ಪ್ರವೇಶವೂ ಕಷ್ಟವಾದ ಉದಾಹರಣೆಗಳಿವೆ. ಅವಮಾನದ ಭಯದಿಂದ ಜನರು ಪರೀಕ್ಷೆಗೆ ಬಾರದಿರುವುದು ಸೋಂಕು ಗುಪ್ತವಾಗಿ ಹರಡಲು ಕಾರಣವಾಗುತ್ತದೆ.

ಕರ್ನಾಟಕದಲ್ಲಿ

ಉತ್ತರ ಕರ್ನಾಟಕದ ಬೆಳಗಾವಿ, ಬಾಗಲಕೋಟೆ ಮೊದಲಾದ ಜಿಲ್ಲೆಗಳಲ್ಲಿ ಸೋಂಕಿನ ಪ್ರಮಾಣ ಹೆಚ್ಚಾಗಿತ್ತು. ಬಡತನ, ಉದ್ಯೋಗಕ್ಕಾಗಿ ವಲಸೆ ಹಾಗೂ 1982ರ ಕಾಯಿದೆ ನಿಷೇಧಿಸಿದ್ದರೂ ಉಳಿದುಕೊಂಡಿದ್ದ ದೇವದಾಸಿ ಪದ್ಧತಿಗಳು ಇದರ ಹಿನ್ನೆಲೆಯಲ್ಲಿದ್ದವು. ಮೈಸೂರಿನಲ್ಲಿ ಲೈಂಗಿಕ ವೃತ್ತಿಯವರೇ ಕಟ್ಟಿಕೊಂಡ ಆಶೋದಯ ಸಮಿತಿಯು, ಬಾಧಿತ ಸಮುದಾಯವೇ ಮುಂದಾಳತ್ವ ವಹಿಸಿದ ತಡೆಗಟ್ಟುವಿಕೆಯ ಕಾರ್ಯಕ್ಕೆ ಹೆಸರಾಗಿದೆ. ರಾಜ್ಯದ ಸರ್ಕಾರಿ ಆಸ್ಪತ್ರೆಗಳ ಆಪ್ತ ಸಮಾಲೋಚನಾ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಉಚಿತವಾಗಿ, ಗೌಪ್ಯವಾಗಿ ಪರೀಕ್ಷೆ ನಡೆಯುತ್ತದೆ.

ಕಾನೂನು

ಎಚ್‌ಐವಿ ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಕಾಯಿದೆ, 2017, 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದಿತು. ಶಿಕ್ಷಣ, ಉದ್ಯೋಗ, ಚಿಕಿತ್ಸೆ, ವಸತಿಗಳಲ್ಲಿ ಸೋಂಕಿತರ ವಿರುದ್ಧದ ತಾರತಮ್ಯವನ್ನು ಇದು ನಿಷೇಧಿಸುತ್ತದೆ. ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ ಸೋಂಕಿನ ವಿಷಯ ಬಹಿರಂಗಪಡಿಸುವುದನ್ನೂ ಸಾಮಾನ್ಯವಾಗಿ ತಡೆಯುತ್ತದೆ. ಸೋಂಕಿತ ಮಹಿಳೆಯರಿಗೂ 18 ವರ್ಷದೊಳಗಿನವರಿಗೂ ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕನ್ನು ನೀಡುತ್ತದೆ. ಚಿಕಿತ್ಸೆಯನ್ನು ಸರ್ಕಾರ 'ಸಾಧ್ಯವಾದಷ್ಟು ಮಟ್ಟಿಗೆ' ಒದಗಿಸಬೇಕೆಂಬ ಪದಪ್ರಯೋಗವು ಟೀಕೆಗೊಳಗಾಗಿದೆ.

ಸಾಂಸ್ಕೃತಿಕ ಪರಿಣಾಮ

1991ರಲ್ಲಿ ನ್ಯೂಯಾರ್ಕಿನ ಕಲಾವಿದರು ರೂಪಿಸಿದ ಕೆಂಪು ರಿಬ್ಬನ್ ಜಗತ್ತಿನಾದ್ಯಂತ ಈ ರೋಗದ ಜಾಗೃತಿಯ ಚಿಹ್ನೆಯಾಯಿತು. 1988ರಿಂದ ಡಿಸೆಂಬರ್ 1ನ್ನು ವಿಶ್ವ ಏಡ್ಸ್ ದಿನವಾಗಿ ಆಚರಿಸಲಾಗುತ್ತಿದೆ. 2007ರ ವಿಶ್ವ ಏಡ್ಸ್ ದಿನದಂದು ಜಾಗೃತಿ ಪ್ರದರ್ಶನವನ್ನು ಹೊತ್ತ ರೆಡ್ ರಿಬ್ಬನ್ ಎಕ್ಸ್‌ಪ್ರೆಸ್ ರೈಲು ದೇಶದ ಸಂಚಾರ ಆರಂಭಿಸಿತು. ರೇವತಿ ನಿರ್ದೇಶನದ 'ಫಿರ್ ಮಿಲೇಂಗೆ' (2004) ಹಾಗೂ ಡೊಮಿನಿಕ್ ಅವರ ಬದುಕಿನಿಂದ ಪ್ರೇರಿತವಾದ ಓನಿರ್ ಅವರ 'ಮೈ ಬ್ರದರ್ ನಿಖಿಲ್' (2005) ಹಿಂದಿ ಚಲನಚಿತ್ರಗಳು ಸೋಂಕಿತರ ಬಹಿಷ್ಕಾರವನ್ನು ಚಿತ್ರಿಸಿವೆ. ಹಿಂದಿನ ಪ್ರಚಾರದ ಭಯಾನಕ ಚಿತ್ರಗಳು ಕಳಂಕವನ್ನೇ ಹೆಚ್ಚಿಸಿದವೆಂಬ ವಿಮರ್ಶೆಯ ನಂತರ 'ಏಡ್ಸ್ ರೋಗಿ' ಎಂಬುದರ ಬದಲು 'ಎಚ್‌ಐವಿಯೊಂದಿಗೆ ಬದುಕುತ್ತಿರುವವರು' ಎಂಬ ಮಾತು ಬಳಕೆಗೆ ಬಂದಿತು.

ಇಂದಿನ ಸ್ಥಿತಿ

ನ್ಯಾಕೋದ 2023ರ ಅಂದಾಜಿನಂತೆ ದೇಶದಲ್ಲಿ ಸುಮಾರು 25 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ವಯಸ್ಕರಲ್ಲಿ ಇದರ ಪ್ರಮಾಣ ಸುಮಾರು ಶೇ. 0.2. ಸಕಾಲದಲ್ಲಿ ಚಿಕಿತ್ಸೆ ಆರಂಭಿಸಿದವರು ಇತರರಂತೆಯೇ ದೀರ್ಘಕಾಲ ಬಾಳಬಹುದಾಗಿದೆ. ಮಾಹಿತಿ ಮತ್ತು ಸಮಾಲೋಚನೆಗೆ 1097 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಲಭ್ಯವಿದೆ.